ಸರ್ಕೊ ಎನ್ನಬೇಕಿಲ್ಲದ ಮನೆ

ಎಂಬತ್ತಾರನೆಯ ಇಸವಿಯ ಗೌರಿ ಹಬ್ಬದ ಬೆಳಿಗ್ಗೆ, ಮಾಟುಂಗದ ಚಾಳಿನ ಒಂದೇ ಒಂದು ಖೋಲಿಯ ನಟ್ಟನಡುವೆ, ಒದ್ದೆ ಟವೆಲಿನಲ್ಲಿ ನಿಂತು ಜಯಸಿಂಹ ಭೀಷಣ ಪ್ರತಿಜ್ಞೆ ಮಾಡಿದ.

"ನೋಡ್ತಿರು ರಮಾ, ಮುಂದಿನ ಗೌರಿ ಹಬ್ಬಕ್ಕೆ ನಾವಿರೋ ಮನೇಲಿ 'ಸರ್ಕೊ' ಅನ್ನೋ ಮಾತೇ ಕೇಳಿಸಬಾರದು. ಕೈ ಚಾಚಿದ್ರೆ ಗೋಡೆ ಸಿಗಬಾರದು."

ಹೇಳುತ್ತಲೇ ಕೈ ಚಾಚಿದ. ಗೋಡೆ ಸಿಕ್ಕಿತು! ಗೋಡೆಯ ಮೊಳೆಗೆ ನೇತುಹಾಕಿದ್ದ ಕೊಡೆಯೂ ಸಿಕ್ಕಿತು. ಅದು ಹೆಂಡತಿ ರಮಾಮಣಿ ಜೋಡಿಸಿಟ್ಟಿದ್ದ ಮೊರದ ಬಾಗಿನದ ಮೇಲೆ ಬಿದ್ದು, ಅಕ್ಕಿಬೇಳೆಯೆಲ್ಲ ಮಂಚದ ಕೆಳಗೆ ಹರಿದುಹೋಯಿತು. ರಮಾಮಣಿ ಬಗ್ಗಿ ಆರಿಸತೊಡಗಿದಳು.

ತಪ್ಪು ಅವನದಲ್ಲ, ಖೋಲಿಯದು. ಹತ್ತಡಿಗೆ ಹನ್ನೆರಡಡಿ. ಅಷ್ಟರಲ್ಲೇ ಗಂಡ, ಹೆಂಡತಿ, ಸ್ಟೌ, ಮಂಚ, ದೇವರು ಮತ್ತು ಮೈಸೂರಿನಿಂದ ಬಂದ ಒಂದು ಕಬ್ಬಿಣದ ಟ್ರಂಕು ಸಂಸಾರ ಹೂಡಿದ್ದರು. ಗಡ್ಡ ಹೆರೆಯಲು ಅವನು "ಸ್ವಲ್ಪ ಸರ್ಕೊ" ಅನ್ನಬೇಕು. ಕಾವಲಿ ಇಳಿಸಲು ಅವಳು "ಸ್ವಲ್ಪ ಸರ್ಕೊಳ್ಳಿ" ಅನ್ನಬೇಕು. ಎರಡಕ್ಕೂ ಉತ್ತರ ಒಂದೇ: "ಸರಿ." ಈ ಊರಿನ ಹಿಂದಿಯಲ್ಲಿ ಜಯಸಿಂಹನಿಗೆ ಯಾರೂ ಕಲಿಸದೆ ಬಂದ ಮಾತೂ ಆ 'ಸರ್ಕೊ' ಒಂದೇ. ಲೋಕಲ್ ಗಾಡಿಯಲ್ಲಿ ಮೂವರು ಕೂತ ಬೆಂಚಿನ ತುದಿಗೆ ಹೋಗಿ "ಜರಾ ಸರ್ಕೋ" ಅಂದರೆ ಮುಗಿಯಿತು, ನಾಲ್ಕನೆಯವನಾಗಿ ಅರ್ಧ ಕುಂಡೆ ಊರಲು ಜಾಗ ಸಿಗುತ್ತದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಕೋಟೆ ಪ್ರದೇಶದ ಆಫೀಸಿನಿಂದ ಅವನು ಸಂಜೆ ಆರೂ ಕಾಲಿಗೆಲ್ಲ ಮನೆಯಲ್ಲಿರುತ್ತಿದ್ದ. ರಮಾಮಣಿ ಎರಡು ಲೋಟ ಕಾಫಿ ಹಿಡಿದು ಟ್ರಂಕಿನ ಮೇಲೆ ಕೂತಿರುತ್ತಿದ್ದಳು. ಅವನು "ಸರ್ಕೊಳ್ಳೇ" ಅನ್ನುವನು, ಅವಳು "ಸರಿ" ಅನ್ನುವಳು, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕಾಫಿ ಕುಡಿಯುವರು. ಮಕ್ಕಳಿಲ್ಲದ ಆ ಇಬ್ಬರ ದಿನದಲ್ಲಿ ಮಾತುಕತೆ ಅಂತ ಇದ್ದದ್ದು ಆ ಅರ್ಧ ಗಂಟೆಯಲ್ಲೇ.

ಹಬ್ಬ ಮುಗಿದ ಮೇಲೆ ಮನೆ ಹುಡುಕಿದರು. ಕೊನೆಗೆ ಎರಡು ಉಳಿದವು. ಒಂದು, ಪಕ್ಕದ ಗಲ್ಲಿಯಲ್ಲೇ, ಒಂದು ರೂಮು ಮತ್ತು ಅಡುಗೆಮನೆ. ಇನ್ನೊಂದು, ಅಷ್ಟೇ ದುಡ್ಡಿಗೆ ದೂರದ ಡೊಂಬಿವಲಿಯಲ್ಲಿ ದೊಡ್ಡ ಹಾಲು, ಎರಡು ಬೆಡ್‌ರೂಮು, ಬಾಲ್ಕನಿ! ಜಯಸಿಂಹ ಆ ಬಾಲ್ಕನಿಯಲ್ಲಿ ಒಂದು ಸಲ ಕೈ ಬೀಸಿ ನಡೆದ ಮೇಲೆ ಪಕ್ಕದ ಗಲ್ಲಿಯ ಕಡೆ ತಿರುಗಿಯೂ ನೋಡಲಿಲ್ಲ.

"ಇಲ್ಲೇ ಇರೋಣ ರೀ," ಅಂದಳು ರಮಾಮಣಿ. "ಒಂದು ಅಡುಗೆಮನೆ ಜಾಸ್ತಿ ಸಿಕ್ಕಿದ್ರೆ ನಂಗೆ ಸಾಕು. ನೀವು ಆರೂ ಕಾಲಿಗೆ ಮನೇಲಿರ್ತೀರಲ್ಲ."

ಪ್ರಯಾಣದ ಚಿಂತೆ ನನಗೆ ಬಿಡು, ಮೂರು ದಿನ ಸೈಂಟಿಫಿಕ್ಕಾಗಿ ಟ್ರಯಲ್ ನೋಡಿಯೇ ತೀರ್ಮಾನಿಸುತ್ತೇನೆ ಎಂದು ಅವನು ಘೋಷಿಸಿದ.

ನೋಡಿದ. ಬೆಳಿಗ್ಗೆ ಏಳಕ್ಕೆ ಮಾಟುಂಗದಲ್ಲಿ ಡೊಂಬಿವಲಿ ಲೋಕಲ್ ಹತ್ತಿದ. ಆ ಹೊತ್ತಿನಲ್ಲಿ ಊರಾಚೆ ಹೋಗುವವರು ಯಾರು? ಡಬ್ಬಿಗೆ ಡಬ್ಬಿಯೇ ಖಾಲಿ, ಕಿಟಕಿ ಪಕ್ಕದ ಸೀಟು. ಡೊಂಬಿವಲಿ ಬಂತು. ಅದೇ ಗಾಡಿ ತಿರುಗಿ ಆಫೀಸಿನ ಕಡೆಯ ವೀಟಿ ಸ್ಟೇಶನ್ನಿಗೆ ಹೊರಡುತ್ತದೆಂದು ತಿಳಿದು ಅವನು ಕೂತಲ್ಲೇ ಕೂತ. ಪ್ಲಾಟ್‌ಫಾರ್ಮಿನ ಜನ ಒಬ್ಬರ ಮೇಲೊಬ್ಬರು ಬಿದ್ದು ನುಗ್ಗಿದರು. ಎಂಥ ಚುರುಕಿನ ಜನವಪ್ಪ ಎಂದು ಮೆಚ್ಚಿಕೊಂಡ. ದಾರಿಯುದ್ದಕ್ಕೂ ಪೇಪರು ಓದಿದ, ಶ್ರದ್ಧಾಂಜಲಿ ಕಾಲಮ್ಮನ್ನೂ ಬಿಡಲಿಲ್ಲ, ಕಾಲು ಗಂಟೆ ನಿದ್ದೆಯನ್ನೂ ತೆಗೆದ. ಮೂರು ದಿನವೂ ಡೈರಿಯಲ್ಲಿ ಬರೆದುಕೊಂಡ: ಸೀಟು ಸಿಕ್ಕಿದೆ, ಗಾಳಿ ಉತ್ತಮ.

"ಡೊಂಬಿವಲಿಯಲ್ಲಿ ಇಳಿದು ಹತ್ತಿದ್ರಾ?" ಎಂದು ರಮಾಮಣಿ ಕೇಳಿದಳು.

"ಇಳಿಯೋದ್ಯಾಕೆ? ಅದೇ ಗಾಡಿ ವಾಪಸ್ ಬರುತ್ತೆ. ಅನುಕೂಲ ಅಂದ್ರೆ ಅದು."

ಅವಳಿಗೆ ಏನೋ ಹೊಂದಲಿಲ್ಲ. ಆದರೆ ಡೈರಿಯ ಎದುರು ಏನು ಹೇಳುವುದು? "ಸರಿ," ಅಂದಳು. ಅದು ಒಪ್ಪಿಗೆಯೋ, ಪಕ್ಕಕ್ಕೆ ಸರಿದದ್ದೋ ಎಂದು ಜಯಸಿಂಹ ವಿಚಾರಿಸಲಿಲ್ಲ.

ಮುಂದಿನ ಗೌರಿ ಹಬ್ಬದೊಳಗೆ ಪ್ರತಿಜ್ಞೆ ನೆರವೇರಿತು. ಹಾಲಿನಲ್ಲಿ ನಿಂತು "ರಮಾ" ಅಂದರೆ ಇನ್ನೊಂದು ರೂಮಿನಿಂದಲೂ "ರಮಾ" ಅನ್ನುವಷ್ಟು ಜಾಗ! ಹೊಸ ಮನೆ ಹೊಕ್ಕ ಮೇಲಿನ ಮೊದಲ ಸೋಮವಾರ ಅವನು ಪೇಪರು ಮಡಚಿ ಕಂಕುಳಲ್ಲಿಟ್ಟು ಡೊಂಬಿವಲಿ ಸ್ಟೇಶನ್ನಿಗೆ ಹೋದ. ಬಂದ ಗಾಡಿ ನಿಲ್ಲುವ ಮೊದಲೇ ತುಂಬಿತು. ನಾಲ್ಕು ಗಾಡಿ ಹಾಗೇ ಹೋದವು. ಐದನೆಯದಕ್ಕೆ ಅವನು ಹತ್ತಲಿಲ್ಲ, ಜನರೇ ಹತ್ತಿಸಿಕೊಂಡರು. ಒಂದು ಚಪ್ಪಲಿ ಡೊಂಬಿವಲಿಯಲ್ಲಿ ಉಳಿಯಿತು. ಕೊಡೆ ಯಾರದೋ ಜೊತೆ ಘಾಟ್ಕೋಪರಿನಲ್ಲಿ ಇಳಿದುಹೋಯಿತು.

ಆಫೀಸಿನಲ್ಲಿ ಹಣಮಂತನೆಂಬ ಧಾರವಾಡ ಕಡೆಯ ಗುಮಾಸ್ತನಿದ್ದ. ಎಂಟು ವರ್ಷದಿಂದ ಡೊಂಬಿವಲಿಯ ಒಕ್ಕಲು. ಒಂಟಿ ಚಪ್ಪಲಿ ನೋಡಿ ಕತೆ ಕೇಳಿದ. ಕೇಳಿ ಕನ್ನಡಕ ತೆಗೆದು ಒರೆಸಿದ.

"ಸಾಹೇಬ್ರ, ನೀವು ಮಾಟುಂಗಾದಾಗ ಸೀಟ್ ಹಿಡದು ಉಲ್ಟಾ ಬಂದೀರಿ. ಡೊಂಬಿವಲಿ ಮಂದಿ ಹ್ಯಾಂಗ ಹತ್ತತಾರ ಅನ್ನೂದನ್ನ ನೋಡಬೇಕಿತ್ತು. ನೀವು ಹ್ಯಾಂಗ ಕುಂತೀರಿ ಅನ್ನೂದನ್ನ ನೋಡಿ ಮನಿ ತಗೊಂಡ್ರಿ."

ಅವನೇ ಕನಿಕರಪಟ್ಟು ವಿದ್ಯೆ ಹೇಳಿಕೊಟ್ಟ. ಕೂತವರನ್ನೆಲ್ಲ "ಎಲ್ಲಿ ಇಳೀತೀರಿ" ಎಂದು ಕೇಳುತ್ತ ಹೋಗುವುದು. ಹತ್ತಿರದ ಸ್ಟೇಶನ್ ಹೆಸರು ಹೇಳಿದವನ ಮೊಣಕಾಲ ಮುಂದೆ ಕಂಬದ ಹಾಗೆ ನಿಂತುಬಿಡುವುದು. ಅವನೆದ್ದ ಕೂಡಲೆ ಆ ಸೀಟು ನಿಮ್ಮದು. ಜಯಸಿಂಹ ಈ ವಿದ್ಯೆಯನ್ನು ಮನೆಗೆ ಬಂದು ರಮಾಮಣಿಗೂ ವಿವರಿಸಿದ. ಅವಳು ನಗಲಿಲ್ಲ.

ಆಮೇಲೆ ಅವನು ಹೊರಡುವುದು ಹಾಲಿನವನು ಬರುವ ಮೊದಲು, ಬರುವುದು ಅನ್ನ ಆರಿದ ಮೇಲೆ. ಆರೂ ಕಾಲಿನ ಕಾಫಿಯನ್ನು ರಮಾಮಣಿ ಟ್ರಂಕಿನ ಮೇಲೆ ಕೂತು ಒಬ್ಬಳೇ ಕುಡಿದಳು. ಮೊದಮೊದಲು ಅಭ್ಯಾಸಬಲದಿಂದ ಎರಡು ಲೋಟ ಮಾಡಿ ಒಂದನ್ನು ಚೆಲ್ಲುತ್ತಿದ್ದಳು, ಆಮೇಲೆ ಒಂದೇ ಮಾಡಿದಳು. ತೊಳೆದು ಬೋರಲು ಹಾಕಿದ ಆ ಒಂದು ಲೋಟ ಒಂದು ರಾತ್ರಿ ಜಯಸಿಂಹನ ಕಣ್ಣಿಗೆ ಬಿತ್ತು. ಮಾರನೆಯ ದಿನ ಯಾರಿಗೂ ಹೇಳದೆ ಆಫೀಸಿನಿಂದ ಮಾಟುಂಗದ ಗಲ್ಲಿಗೆ ಹೋಗಿ ನೋಡಿಬಂದ. ಆ ಒಂದು ರೂಮು ಮತ್ತು ಅಡುಗೆಮನೆಯ ಬಾಗಿಲಿಗೆ ಇನ್ಯಾರದೋ ಹೆಸರಿನ ಬೋರ್ಡು ಬಂದಿತ್ತು.

ಮುಂದಿನ ಭಾನುವಾರ ಅವನು ಮಧ್ಯಾಹ್ನವಿಡೀ ಸತ್ತಂತೆ ಮಲಗಿದ. ಆರೂ ಕಾಲಾಯಿತು. ಬಹಳ ದಿನಗಳ ಮೇಲೆ ರಮಾಮಣಿ ಎರಡು ಲೋಟ ಕಾಫಿ ಹಿಡಿದು ಟ್ರಂಕಿನ ಮೇಲೆ ಕೂತಿದ್ದಳು. ಸುತ್ತ ಎರಡು ಪಂಕ್ತಿ ಊಟಕ್ಕೆ ಕೂರಿಸಬಹುದಾದಷ್ಟು ಹಾಲು ಬಿಕೋ ಅನ್ನುತ್ತಿತ್ತು. ಜಯಸಿಂಹ ಅರೆನಿದ್ದೆಯಲ್ಲೇ ಎದ್ದು ಬಂದ. ಅವಳ ಮೊಣಕಾಲ ಮುಂದೆ ನಿಂತ. ಮೇಲೆ ಇಲ್ಲದ ಹಿಡಿಯೊಂದನ್ನು ಹಿಡಿಯಲು ಕೈ ಎತ್ತಿ, ಅವಳ ಮುಖ ಕೂಡ ನೋಡದೆ ಅಂದ:

"ಜರಾ ಸರ್ಕೋ, ಭಾಯ್ ಸಾಬ್."

ರಮಾಮಣಿ ಸರಿದಳು. ಅವನು ಟ್ರಂಕಿನ ತುದಿಯಲ್ಲಿ ಅರ್ಧವೇ ಕೂತು, ಒಂದು ಕಾಲು ಹೊರಗಿಟ್ಟು, ಅವಳ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಅವಳು ಬಹಳ ಹೊತ್ತು ಲೋಟ ಹಿಡಿದೇ ಇದ್ದಳು. ಕಾಫಿಗೆ ಕೆನೆ ಕಟ್ಟಿತು. ಕೊನೆಗೆ ಮೆಲ್ಲಗೆ ಕೇಳಿದಳು:

"ಎಲ್ಲಿ ಇಳೀತೀರಿ?"

ಜಯಸಿಂಹ ಕಣ್ಣು ಬಿಡದೆಯೇ ಹೇಳಿದ: "ಮಾಟುಂಗ."