ಪ್ರೆಶರ್ ಮಾತ್ರೆಗೆ ಚೌಕಾಸಿ

ನನ್ನ ಭಾಮೈದ ರಂಗಸ್ವಾಮಿ ಅರ್ಧ ಮಾತ್ರೆ ಉಳಿಸಲು ಹೋಗಿದ್ದಕ್ಕೆ ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಸೋಮವಾರದ ಆಲೂಗೆಡ್ಡೆ ವ್ಯಾಪಾರ ಪೂರ್ತಿ, ಒಂದು ಹೊಸ ಬಿಳಿ ಪಂಚೆ, ಮತ್ತು ಹಾಸನದಲ್ಲಿ ಇಷ್ಟು ವರ್ಷ ಗಳಿಸಿದ ಮರ್ಯಾದೆಯಲ್ಲಿ ಅರ್ಧ. ಪಂಚೆ ಒಗೆದರೆ ಬಿಳಿಯಾದೀತು. ಉಳಿದೆರಡು ವಾಪಸು ಬರುವುದಿಲ್ಲ. ಈ ಸಿಟ್ಟು ಅದಕ್ಕೇ.

ಚೌಕಾಸಿಯ ಮೇಲೆ ನನಗೇನೂ ದ್ವೇಷವಿಲ್ಲ. ತಳ್ಳುಗಾಡಿಯಿಂದ ಸ್ವಂತ ಮಂಡಿಯವರೆಗೆ ನನ್ನನ್ನು ತಂದದ್ದೇ ಅದು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಕೊಂಡರೆ, ಮೇಲೆರಡು ಕಾಯಿ ಹಾಕಿಸಿಕೊಳ್ಳದೆ ಚೀಲ ಎತ್ತುವವನಲ್ಲ ನಾನು. ಆದರೆ ಚೌಕಾಸಿಗೆ ಎದುರಿಗೊಬ್ಬ ಮಾರುವವನಿರಬೇಕು. ತನ್ನದೇ ರಕ್ತನಾಳದ ಜೊತೆ ಚೌಕಾಸಿಗೆ ಕೂತವನನ್ನು ನಾನು ಕಂಡಿದ್ದು ಇವನೊಬ್ಬನನ್ನೇ.

ರಂಗ ಇರುವುದು ಅರಕಲಗೂಡಿನಲ್ಲಿ. ನನ್ನ ಮಂಡಿಯಲ್ಲೇ ವ್ಯಾಪಾರ ಕಲಿತು ಹೋದವನು. ಹೊಳೆನರಸೀಪುರದ ಡಾಕ್ಟರಮ್ಮ ಅವನಿಗೆ ಬಿ.ಪಿ. ಇದೆಯೆಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ತಲೆನೋವಿಲ್ಲ, ಸುಸ್ತಿಲ್ಲ, ಎರಡು ಮುದ್ದೆ ಸಲೀಸಾಗಿ ಇಳಿಯುತ್ತವೆ, ಮತ್ತೆ ಮಾತ್ರೆ ಯಾಕೆ ಎಂಬುದು ಅವನ ತಕರಾರು. ನೆನಪಾದರೆ ನುಂಗುತ್ತಿದ್ದ, ಮರೆತರೆ ಲಾಭವೆಂದುಕೊಳ್ಳುತ್ತಿದ್ದ. ಇವರಪ್ಪ ಇದೇ ಪ್ರೆಶರಿನಿಂದ ಲಕ್ವ ಹೊಡೆದು, ಮಾತು ಕಳೆದುಕೊಂಡೇ ಹೋದವರು. ಅವರಿಗೆ ಗಂಜಿ ಕುಡಿಸಿದವಳು ನನ್ನ ಹೆಂಡತಿ, ಎಂದರೆ ಇವನ ಅಕ್ಕ. ಆ ಹೆದರಿಕೆಗೇ ಅವಳು ದಿನಾ ಫೋನ್ ಮಾಡಿ ಮಾತ್ರೆ ನುಂಗಿದೆಯಾ ಎಂದು ಕೇಳುತ್ತಿದ್ದಳು. ಇವನು ದಿನಾ ಹೂಂ ಎನ್ನುತ್ತಿದ್ದ.

ಮೊನ್ನೆ ಸೋಮವಾರ ಅವನು ಡಾಕ್ಟರಿಗೆ ತೋರಿಸುವ ದಿನ. ಹೆಂಡತಿಯ ಬಲವಂತಕ್ಕೆ ನಾನೂ ಅವಳೂ ಅವನ ಜೊತೆ ಹೋದೆವು. ಹೆಸರು ಕೂಗಿದರು. ಎದ್ದವನು ನನ್ನ ಪಂಚೆಯ ಮೇಲೆ ವಾಂತಿ ಮಾಡಿ, ಅಲ್ಲೇ ಕುಸಿದ. ಮಲಗಿಸಿ ಪ್ರೆಶರ್ ನೋಡಿದರೆ ಪಾತಾಳಕ್ಕಿಳಿದಿತ್ತು. ದಿನಕ್ಕೊಂದೇ ತಾನೇ ನುಂಗುವುದು ಎಂದು ಡಾಕ್ಟರಮ್ಮ ಕೇಳಿದರು. ಒಂದೇ ಎಂದ. ಹಾಗಾದರೆ ನಿಮಗೆ ಇದು ಜಾಸ್ತಿಯಾಯಿತು, ಇಳಿಸಬೇಕು ಎಂದರು ಅವರು.

ಆ ಅರೆಜೀವದಲ್ಲೂ ಅವನ ತುಟಿಯಲ್ಲೊಂದು ನಗು ಬಂತು. ಆ ನಗುವಿನ ಗುರುತು ನನಗಿದೆ. ಮೂಟೆ ಬಿಚ್ಚಿಸದೆ ಸರಕು ಸಾಗಿಸಿದವನ ನಗು ಅದು.

"ಲೇ ರಂಗ, ಮೂಟೆ ಸುರಿಲಾ," ಎಂದೆ.

ಅವನು ಅಕ್ಕನ ಮುಖ ನೋಡಿದ. "ಬೆಳಿಗ್ಗೆ ಮೂರು ನುಂಗ್ಬುಟ್ಟೆ ಬಾವ. ಪ್ರೆಶರ್ ಕಮ್ಮಿ ತೋರುದ್ರೆ ಅರ್ಧ ಮಾತ್ರೆಗೆ ಇಳುಸ್ತಾರೆ ಅಂತ ಅಂಗ್ ಮಾಡ್ದೆ."

ನನ್ನ ಹೆಂಡತಿ ಅಳಲಿಲ್ಲ. "ಅಪ್ಪಂಗೆ ಕುಡ್ಸಿದ್ದು ಸಾಲ್ದು, ನಿಂಗೂ ಗಂಜಿ ಕುಡುಸ್ಲಿ ಅಂತನಾ?" ಎಂದಳು, ಅಷ್ಟೇ. ಅವನು ಗೋಡೆಯ ಕಡೆ ತಿರುಗಿದ.

ತಕ್ಷಣ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಮರುದಿನದ ಹೊತ್ತಿಗೆ ಜೀವ ಗಟ್ಟಿ ಎಂದಾಯಿತು. ಇಂಥ ಬುದ್ಧಿ ಯಾರು ಕಲಿಸಿದ್ದು ಎಂದು ಡಾಕ್ಟರಮ್ಮ ವಾರ್ಡಿನ ನಡುವೆ ನಿಂತು ಗದರಿದರು. ಡ್ರಿಪ್ ಹಾಕಿದ ಕೈಯನ್ನೇ ಎತ್ತಿ ನನ್ನ ಕಡೆ ತೋರಿಸಿದ ಪುಣ್ಯಾತ್ಮ. "ಇವ್ರೇ ಮೇಡಂ. ಮೂಟೆ ಮ್ಯಾಲೆ ಒಳ್ಳೆ ಗೆಡ್ಡೆ ಜೋಡ್ಸದು ಕಲ್ಸಿದ್ದು ಇವ್ರೇ." ಪಕ್ಕದ ಹಾಸಿಗೆಯವನೂ ನಕ್ಕ. ಅರ್ಧ ಮರ್ಯಾದೆ ಹೋಗಿದ್ದು ಆಗ.

ನನ್ನ ಮುಖ ಕೆಂಪಾಗಿದ್ದನ್ನು ನೋಡಿ ನನ್ನ ತೋಳಿಗೂ ಪಟ್ಟಿ ಸುತ್ತಿಸಿದರು. ನನ್ನ ಪ್ರೆಶರ್ ಏರಿತ್ತು. ಸಿಟ್ಟಿನಲ್ಲಿ ನೋಡಿದ್ದನ್ನು ನಂಬುವುದಿಲ್ಲ, ಮುಂದಿನ ವಾರ ಬನ್ನಿ ಎಂದರು. ಅಲ್ಲಿಯವರೆಗೆ ಉಪ್ಪು ಬಿಟ್ಟು, ಆ ಬೆಳಿಗ್ಗೆ ಯಾರ ಮೇಲೂ ಕೂಗಾಡದೆ ಸಾಧುವಿನಂತೆ ಹೋಗಿ ಕೂರುವುದೆಂದು ದಾರಿಯಲ್ಲಿ ಬಾಯಿಬಿಟ್ಟೇ ಲೆಕ್ಕ ಹಾಕುತ್ತಿದ್ದೆ. ಆ ಒಂದು ವಾರಕ್ಕೆ ಮಾತ್ರವೋ ಎಂದು ಹೆಂಡತಿ ಕೇಳಿದಳು.

ನಿಮಗೆ ಹೇಳುತ್ತೇನೆ, ಕೇಳಿ. ಬರೆದುಕೊಟ್ಟ ಮಾತ್ರೆಯನ್ನು ದಿನಾ ಒಂದೇ ಹೊತ್ತಿಗೆ ನುಂಗಿ. ಮರೆತ ದಿನದ್ದನ್ನು ಸೇರಿಸಿ ಎರಡು ನುಂಗಬೇಡಿ. ಮೈ ಹಗುರಾಗಿದೆಯೆಂದು ನೀವೇ ನಿಲ್ಲಿಸಬೇಡಿ. ತಲೆ ಸುತ್ತಿದರೆ ಡಾಕ್ಟರಿಗೆ ಹೇಳಿ, ಇಳಿಸುವುದು ಏರಿಸುವುದು ಅವರ ಕೆಲಸ. ಮಂಡಿನೋವಿನ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ, ಅದು ಪ್ರೆಶರ್ ಏರಿಸಬಹುದು. ತೋರಿಸಲು ಹೋಗುವಾಗ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಆದರೆ ನೋಡಿಕೊಂಡು ಕರೆದುಕೊಳ್ಳಿ, ನನ್ನಂಥವನು ಬೇಡ, ನನ್ನ ಹೆಂಡತಿಯಂಥವಳಿರಲಿ.