ರಜೆಯಲ್ಲಿದ್ದಾಗ ತೀರಿಕೊಂಡ ನನ್ನ ಪಾಸ್‌ವರ್ಡ್ ಕುರಿತು

ಬಾಗಲಕೋಟೆಯ ಮುಖ್ಯ ಕಚೇರಿಯ ತಂಪು ಕೋಣೆಯಲ್ಲಿ ಕುಳಿತೇ ಇಲಕಲ್ಲಿನ ನಮ್ಮ ಪುಟ್ಟ ರಕ್ತನಿಧಿಯ ಲಿನಕ್ಸ್ ಸರ್ವರನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಸಿಸ್ಟಮ್ ಅಡ್ಮಿನ್ ಶ್ರೀ ವಿಜಯಮಹಾಂತೇಶ ಅವರ ಸನ್ನಿಧಿಗೆ, ಅದೇ ರಕ್ತನಿಧಿಯ ಲ್ಯಾಬ್ ಟೆಕ್ನಿಷಿಯನ್ ದಾನೇಶ್ವರಿಯ ಶರಣು ಶರಣಾರ್ಥಿಗಳು.

ಮಾನ್ಯರೇ, ಹಳೆಯ ಪಾಸ್‌ವರ್ಡ್ ಕಳ್ಳರ ಪಾಲಾದೀತೆಂದು ಎಲ್ಲರ ಪಾಸ್‌ವರ್ಡಿಗೂ ಒಂದೇ ಅವಧಿ ಗೊತ್ತುಮಾಡಿ, ಅದು ಮುಗಿಯುವ ವಾರ ಮೊದಲೇ ಪರದೆಯ ಮೇಲೆ ಎಚ್ಚರಿಕೆ ಮೂಡುವಂತೆ ಮಾಡಿ, ಆಮೇಲೂ ಬದಲಿಸದ ಸೋಮಾರಿಗಳ ಖಾತೆಯನ್ನೇ ಮುಚ್ಚಲು ಏರ್ಪಾಡು ಮಾಡಿದ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆ ಎಚ್ಚರಿಕೆ ಲಾಗಿನ್ ಆದವರಿಗೆ ಮಾತ್ರ ಕಾಣುತ್ತದೆ ಎಂಬುದೊಂದೇ ಸಣ್ಣ ಕೊರತೆ. ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡು ನಾನು ಮನೆಯಲ್ಲಿ ಮಲಗಿದ್ದಾಗ ಅದು ನನ್ನ ಖಾಲಿ ಕುರ್ಚಿಗಾದರೂ ಕಂಡಿತೋ ಇಲ್ಲವೋ, ಕುರ್ಚಿ ನನಗೇನೂ ತಿಳಿಸಲಿಲ್ಲ.

ಕೈ ಕೂಡಿ ಕೆಲಸಕ್ಕೆ ಮರಳಿದ ದಿನವೇ ಹುನಗುಂದದ ಕಡೆಯ ಲಗಮವ್ವ ಎಂಬುವವರು ಓಡುತ್ತ ಬಂದರು. ಪಕ್ಕದ ಹೆರಿಗೆ ವಾರ್ಡಿನಲ್ಲಿ ಅವರ ಸೊಸೆ ಸವಿತಾಳಿಗೆ ರಕ್ತ ನಿಲ್ಲದೆ ಹರಿಯುತ್ತಿತ್ತು. ಆಕೆಯದು ಓ ನೆಗೆಟಿವ್ ಗುಂಪು. ನಮ್ಮಲ್ಲಿದ್ದ ಒಂದೇ ಚೀಲವನ್ನು ಏರಿಸಿದ್ದಾಗಿತ್ತು. ಇನ್ನೊಂದಕ್ಕೆ ಅದೇ ಗುಂಪಿನ ದಾನಿಯನ್ನು ಕರೆಸಬೇಕಿತ್ತು. ದಾನಿಗಳ ಫೋನ್ ನಂಬರುಗಳೆಲ್ಲ ತಮ್ಮ ಸುಭದ್ರ ಸರ್ವರಿನೊಳಗೆ ಸುಖವಾಗಿದ್ದವು. ಲ್ಯಾಬಿನಲ್ಲಿ ಆ ಹೊತ್ತು ನಾನೊಬ್ಬಳೇ. ಪಾಸ್‌ವರ್ಡ್ ಒತ್ತಿದೆ. ಖಾತೆಯ ಅವಧಿ ಮುಗಿದಿದೆ, ಅಡ್ಮಿನ್ ಅವರನ್ನು ಸಂಪರ್ಕಿಸಿ ಎಂದು ಪರದೆ ಸವಿನಯವಾಗಿ ತಿಳಿಸಿತು.

"ಯವ್ವಾ, ಆ ಟಿವಿ ಏನ್ ಹೇಳಾಕತ್ತೈತಿ? ನನ್ನ ಸೊಸಿ ಜೀವ ಅದರಾಗ ಐತೇನು?" ಎಂದು ಲಗಮವ್ವ ನನ್ನ ತೋಳು ಹಿಡಿದುಕೊಂಡರು. ಆಗಷ್ಟೇ ಕೂಡಿದ ಕೈ ಅದು. ನೋವು ಮಾತ್ರ ಗೊತ್ತಾಗಲಿಲ್ಲ.

ಕೂಡಲೇ ತಮಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದರೂ ಎತ್ತಿದ ತಮ್ಮ ಔದಾರ್ಯ ದೊಡ್ಡದು.

"ನಿಯಮ ಎಲ್ಲಾರಿಗೂ ಒಂದ ರೀ ಅಕ್ಕಾರ. ಸಿಸ್ಟಮ್‌ನಾಗ ಒಂದು ಕಂಪ್ಲೇಂಟ್ ಹಾಕ್ರಿ, ಮಧ್ಯಾಹ್ನ ನೋಡ್ತೇನಿ" ಎಂದಿರಿ.

"ಕಂಪ್ಲೇಂಟ್ ಹಾಕಾಕ ಲಾಗಿನ್ ಆಗಬೇಕಲ್ರಿ!" ಎಂದೆ.

"ಹೌದ್ರಿ, ಹಂಗಾರ ಮೊದಲ ಲಾಗಿನ್ ಆಗ್ರಿ" ಎಂದು ದಾರಿ ತೋರಿಸಿ ಫೋನ್ ಇಟ್ಟಿರಿ. ಆಮೇಲೆ ಎಷ್ಟು ಹಚ್ಚಿದರೂ ತಾವು ಸಿಗಲಿಲ್ಲ.

ಆಗ ನೆನಪಾದವರು ಅಂದಾನಪ್ಪನವರು. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದು ನಿವೃತ್ತರಾದ ಹಿರಿಯರು. ತಾವು ನಿಯಮ ತಂದಾಗ, ಹೇಗೂ ನಿವೃತ್ತರಾಗಿ ಹೋಗುವವರೆಂದು ಅವರ ಖಾತೆಯನ್ನು ಅವಧಿಯಿಂದ ಹೊರಗಿಟ್ಟವರು ಹಾಗೆಯೇ ಮರೆತಿದ್ದಿರಿ. ಇದ್ದವಳ ಖಾತೆ ಸತ್ತು, ಹೋದವರ ಖಾತೆ ಅಮರವಾಗಿತ್ತು! ಫೋನ್ ಹಚ್ಚಿ ಅವರ ಪಾಸ್‌ವರ್ಡ್ ಕೇಳಿದೆ. ಶಿವಯೋಗ ಮಂದಿರಕ್ಕೆ ಹೊರಟು ಬಾದಾಮಿಯ ಬಸ್ಸಿನಲ್ಲಿದ್ದ ಅವರು, ಗದ್ದಲದಲ್ಲಿ ನನಗೆ ಕೇಳಿಸಲೆಂದು ಗಂಟಲು ಹರಿಯುವಂತೆ ಕೂಗಿದರು: "ನಮ್ಮ ಎಮ್ಮಿ ಹೆಸರವಾ, ಗೌರಿ! ಮುಂದ ಒಂದು, ಎರಡು, ಮೂರು! ಕೇಳಿಸ್ತ?" ಹಿಂದಿನಿಂದ ಕಂಡಕ್ಟರ್ ಕೂಡ "ಗೌರಿ ಅಂತ್ರಿ, ಗೌರಿ!" ಎಂದು ದನಿಗೂಡಿಸಿದ. ತಮ್ಮ ಭದ್ರತೆಯ ಕೀಲಿಕೈ ಹೀಗೆ ಇಡೀ ಬಸ್ಸಿಗೆ ಪ್ರಸಾದದಂತೆ ಹಂಚಿಹೋಯಿತು.

ಸರ್ವರ್ ಬಾಗಿಲು ತೆರೆಯಿತು. ಊರಾಚೆಯ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಕೆಲಸ ಮಾಡುವ ಅರ್ಷದ ಎಂಬ ಓ ನೆಗೆಟಿವ್ ದಾನಿ ಫೋನಿಗೆ ಸಿಕ್ಕ. ಹುಬ್ಬಿನ ತುಂಬ ಕೆಂಪು ಕಲ್ಲಿನ ಪುಡಿ ಹೊತ್ತೇ ಬಂದ ಅವನಿಗೆ ಮುಖ ತೊಳೆದು ಬಾ ಎಂದರೆ, "ಮುಖ ಆಮ್ಯಾಲ ತೊಳಿತೇನಿ, ಮೊದಲ ರಕ್ತ ತಗೋರಿ ಅಕ್ಕಾ" ಎಂದು ಮಲಗಿಯೇಬಿಟ್ಟ. ಪರೀಕ್ಷೆಗಳನ್ನು ಮುಗಿಸಿ ಚೀಲವನ್ನು ನಾನೇ ವಾರ್ಡಿಗೆ ಒಯ್ದೆ. ಸಂಜೆಗೆ ಸವಿತಾ ಕಣ್ಣು ಬಿಟ್ಟು ಹೆತ್ತ ಮಗಳೆಲ್ಲಿ ಎಂದು ಕೇಳಿದಳಂತೆ. ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತೆ. ಇದಕ್ಕೆ ತಮ್ಮ ನಿಯಮಾವಳಿಯಲ್ಲಿ ಅವಕಾಶವಿಲ್ಲದಿದ್ದರೆ ಮನ್ನಿಸಬೇಕು.

ಮಾನ್ಯರೇ, ಅವಧಿ ಮುಗಿಯುವುದೆಂದರೇನೆಂದು ನಮಗೂ ಗೊತ್ತು, ರಕ್ತಕ್ಕೂ ಅವಧಿಯಿದೆ. ಆದರೆ ನಾವು ದಡ್ಡರು, ಒಂದೊಂದು ಚೀಲದ ತಾರೀಕನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ. ಎಲ್ಲವನ್ನೂ ಒಂದೇ ದಿನ ಚೆಲ್ಲುವ ಜಾಣತನ ನಮಗಿನ್ನೂ ಬಂದಿಲ್ಲ. ಒಬ್ಬೊಬ್ಬರ ಖಾತೆಗೆ ಬೇರೆ ಬೇರೆ ಅವಧಿ ಹಾಕುವ ಸೌಲಭ್ಯ ಸರ್ವರಿನಲ್ಲೇ ಇದೆಯೆಂದು ತರಬೇತಿಯಲ್ಲಿ ತಾವೇ ಹೇಳಿದ ನೆನಪು. ಅಷ್ಟು ತೊಂದರೆ ತಮಗೆ ಬೇಡ. ಬದಲಿಗೆ, ಬಾಣಂತಿಯರ ರಕ್ತಸ್ರಾವವೇ ವಾರ ಮೊದಲು ಪರದೆಯ ಮೇಲೆ ಎಚ್ಚರಿಕೆ ಕೊಡುವಂತೆ, ನಾವು ರಜೆ ಹಾಕಿದರೆ ಅದೂ ರಜೆ ಹಾಕುವಂತೆ ಒಂದು ಆದೇಶ ಹೊರಡಿಸಿದರೆ ಸಾಕು. ಇನ್ನೊಬ್ಬರ ಖಾತೆಯಲ್ಲಿ ಒಳಹೊಕ್ಕ ನನ್ನ ಅಪರಾಧಕ್ಕೆ ತಾವು ಕಳಿಸಿದ ನೋಟೀಸು ತಲುಪಿದೆ. ಅದಕ್ಕೆ ಇದೇ ಉತ್ತರ.

ಖಾತೆ ಮುಚ್ಚಿದರೂ ಮುಚ್ಚದ ವಿಶ್ವಾಸದೊಂದಿಗೆ,
ತಮ್ಮ ದಾನೇಶ್ವರಿ

ತಾ.ಕ.: ನಿನ್ನೆ ತಾವೇ ಫೋನ್ ಮಾಡಿ, "ಅಕ್ಕಾರ, ನನ್ನ ಅಡ್ಮಿನ್ ಪಾಸ್‌ವರ್ಡ್ ಬದಲ್ ಮಾಡಿ ಮರತ ಬಿಟ್ಟೇನಿ. ಸರ್ವರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ, ಆಗ ಹೊಸಾದು ಹಾಕ್ಕೋತೇನಿ. ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಕೇಳಿಕೊಂಡಿದ್ದಿರಿ. ಕೊಟ್ಟ ಮಾತಿಗೆ ನಾನು ತಪ್ಪಿಲ್ಲ. ಯಾರ ಮುಂದೆಯೂ ಹೇಳಿಲ್ಲ. ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ, ಅಷ್ಟೆ.