ಕಾರಿನ ಏಸಿಗೆ ಇಬ್ಬರು ಬೇಕು

ಒಬ್ಬನೇ ಇರುವ ಗಂಡಸನ್ನು ಕಂಡರೆ ಜನ ಮೊದಲು ಕೇಳುವುದು ಊಟದ ಬಗ್ಗೆ. ಊಟಕ್ಕೇನೂ ತೊಂದರೆಯಿಲ್ಲ, ಬೆಟಗೇರಿಯಲ್ಲಿ ರೊಟ್ಟಿ ಬಡಿದು ಮಾರುವ ಮನೆಗಳಿಗೆ ಬರವಿಲ್ಲ, ಪಲ್ಯ ಸೀದರೂ ತಿನ್ನುವವನು ನಾನೇ ಆದ್ದರಿಂದ ತಕರಾರು ಬರುವುದಿಲ್ಲ. ನಿಜವಾದ ಕಷ್ಟ ಬೇರೆ ಕಡೆ ಇದೆ. ದೊಡ್ಡ ಚಾದರವನ್ನು ಒಬ್ಬರೇ ಮಡಚಿ ನೋಡಿ. ಬೆನ್ನಿನ ನಡುವೆ ನೋವಿನ ಎಣ್ಣೆ ಹಚ್ಚಿಕೊಂಡು ನೋಡಿ. ಇವನ್ನೆಲ್ಲ ಹೇಗೋ ಗೆದ್ದು ಬೀಗುತ್ತಿದ್ದ ನನ್ನನ್ನು ಕೊನೆಗೆ ಸೋಲಿಸಿದ್ದು ಕಾರಿನ ಏಸಿ.

ಈ ಬೇಸಿಗೆಯಲ್ಲಿ ಅದು ತಂಪು ಕೊಡುವುದನ್ನು ನಿಲ್ಲಿಸಿತು. ಲಕ್ಷ್ಮೇಶ್ವರದಲ್ಲಿ ಒಂದು ಮದುವೆಗೆ ಹೋಗಿ ಕಾರಿನಿಂದ ಇಳಿದಾಗ ಹಿರಿಯರೊಬ್ಬರು ನನ್ನ ಅಂಗಿ ನೋಡಿ, ‘ಹಾದ್ಯಾಗ ಮಳಿ ಆತೇನ್ರಿ?’ ಎಂದು ಕೇಳಿದರು. ಮುಂಡರಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಗ್ಯಾರೇಜಿಗೆ ಹೋಗುವುದು ಅವಮಾನವೆನಿಸಿ ಮೊಬೈಲಿನಲ್ಲಿ ವಿಡಿಯೊ ಹಚ್ಚಿದೆ. ಅದರಲ್ಲಿನ ಮನುಷ್ಯ ಬಹಳ ಸಲೀಸಾಗಿ ಹೇಳಿದ: ಬಾನೆಟ್ ಎತ್ತಿ, ಒಬ್ಬರು ಒಳಗೆ ಕೂತು ಏಸಿ ಹಾಕಲಿ, ಇನ್ನೊಬ್ಬರು ಕಂಪ್ರೆಸರಿನ ಮುಂದಿನ ತಟ್ಟೆ ತಿರುಗುತ್ತದೆಯೇ ನೋಡಲಿ; ತಿರುಗಿದರೆ ತಂಪಿನ ಯಂತ್ರ ಸರಿಯಿದೆ. ಆ ಇನ್ನೊಬ್ಬರನ್ನು ಎಲ್ಲಿಂದ ತರಬೇಕು ಎಂಬುದಕ್ಕೆ ಆತನ ಬಳಿ ವಿಡಿಯೊ ಇರಲಿಲ್ಲ.

ನಮ್ಮ ಮನೆಯಲ್ಲಿ ಇನ್ನೊಬ್ಬರ ಕೆಲಸ ನನ್ನ ಹೆಂಡತಿ ಗಿರಿಜಾಳದು. ನಾನು ಬ್ರೇಕ್ ತುಳಿಯಬೇಕು, ಅವಳು ಕಾರಿನ ಹಿಂದೆ ನಿಂತು ದೀಪ ನೋಡಬೇಕು. ‘ಆತೇನ?’ ಎಂದು ನಾನು ಒದರುವುದು, ‘ಆತ್ರೀ’ ಎಂದು ಅವಳು. ನಡುವೆ ಒಂದು ಗಳಿಗೆ ತಡವಾದರೆ, ‘ಅಲ್ಲೇ ನಿದ್ದಿ ಹೊಡ್ಯಾಕತ್ತೀಯೇನ?’ ಎಂದು ಸಿಡುಕುತ್ತಿದ್ದೆ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ. ಪಕ್ಕದ ಮನೆಯ ಮೌಲಾಸಾಬರನ್ನು ಕರೆಯಬಹುದಿತ್ತು, ಆದರೆ ನಮ್ಮ ನಡುವೆ ಮಾತು ನಿಂತು ವರ್ಷವಾಗಿತ್ತು. ಅವರು ಗಾದಿ ಹೊಲಿಯುವವರು. ನನ್ನ ಅಂಗಳದ ಬೇವಿನ ಎಲೆ, ಹೂವು ಅವರ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ ಅರಳೆಯ ಮೇಲೆ ಉದುರುತ್ತವೆಂದು, ಒಂದು ಟೊಂಗೆ ಕಡಿಸಲು ಕೇಳಿದ್ದರು. ಕಾರಿನ ನೆರಳು ಹೋಗುತ್ತದೆಂದು ನಾನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು, ‘ನನಗ ಯಾರ ಹಂಗೂ ಇಲ್ಲ’ ಎಂದುಬಿಟ್ಟಿದ್ದೆ.

ಹಂಗಿಲ್ಲದ ಮನುಷ್ಯ ಸ್ವಿಚ್ ಒತ್ತಿ, ಇಳಿದು, ಬಾನೆಟ್ಟಿನ ಕಡೆ ಓಡಿದ. ತಟ್ಟೆ ಈಗ ತಿರುಗತೊಡಗಿತೋ, ಮೊದಲಿನಿಂದ ತಿರುಗುತ್ತಲೇ ಇತ್ತೋ ತಿಳಿಯಲಿಲ್ಲ. ನಾಲ್ಕು ಸಲ ಓಡಿದ ಮೇಲೆ ಏದುಸಿರು ಬಂತು, ಬುದ್ಧಿಯೂ ಬಂತು. ಬ್ಯಾಟರಿಗೆ ಮೊಬೈಲ್ ಒರಗಿಸಿ ವಿಡಿಯೊ ಹಚ್ಚಿಟ್ಟು, ಒಳಗೆ ಹೋಗಿ ಸ್ವಿಚ್ ಒತ್ತಿದೆ. ಆಮೇಲೆ ನೋಡಿದರೆ ಮೊಬೈಲ್ ಜಾರಿ ಮಲಗಿತ್ತು. ವಿಡಿಯೊ ತುಂಬ ಬಾನೆಟ್ಟಿನ ಸಂದಿಯಿಂದ ಕಾಣುವ ಬೇವಿನ ಟೊಂಗೆ. ಹಿಂದಿನಿಂದ ಯಾರೋ ಮುದುಕ ‘ಆತೇನ? ಆತೇನ?’ ಎಂದು ಒದರುತ್ತಿದ್ದಾನೆ. ಒದರಿದ್ದು ನನಗೇ ಗೊತ್ತಿರಲಿಲ್ಲ. ಒದರಿ, ಉತ್ತರಕ್ಕಾಗಿ ಆತ ಸ್ವಲ್ಪ ಹೊತ್ತು ಸುಮ್ಮನೆ ಕಾದದ್ದೂ ಅದರಲ್ಲಿತ್ತು. ನನಗೆ ಅಳು ಬಂತು. ಕಣ್ಣೊರೆಸಿಕೊಂಡೆ, ಕೈ ತುಂಬ ಗ್ರೀಸ್ ಇದ್ದದ್ದು ಆಮೇಲೆ ನೆನಪಾಯಿತು.

ಆಗ ಪಕ್ಕದ ಮಾಳಿಗೆಯಿಂದ ದನಿ ಬಂತು. ‘ಏನ್ ಆಗಬೇಕ್ರೀ ಮಾಸ್ತರ? ಮುಂಜಾನಿಂದ ಕೇಳಾಕತ್ತೀರಿ, ಯಾರೂ ಹೇಳವಲ್ಲರು.’

ಕರೆಯುವುದನ್ನು ಕಾಯದೆ ಮೌಲಾಸಾಬರು ಇಳಿದು ಬಂದರು. ನನ್ನ ಕರಿ ಮುಖ ನೋಡಿಯೂ ನಗಲಿಲ್ಲ. ಒಳಗೆ ಕೂತು ಸ್ವಿಚ್ ಒತ್ತಿ, ‘ಆತೇನ್ರಿ?’ ಎಂದು ಅವರೇ ಕೇಳಿದರು. ತಟ್ಟೆ ಟಕ್ಕೆಂದು ತಿರುಗಿತು. ‘ಆತ್ರೀ!’ ಎಂದೆ, ಊರಿಗೆಲ್ಲ ಕೇಳುವಂತೆ.

‘ಹಂಗಾರ ತಂಪ ಐತ್ರಿ, ಗಾಳಿನ ಬರವಲ್ದು,’ ಎಂದರು ಅವರು, ಗಾಳಿ ಬರುವ ಜಾಲರಿಗೆ ಅಂಗೈ ಹಿಡಿದು.

ಮುಂದಿನ ಸೀಟಿನ ಎದುರು ಸಾಮಾನಿಡುವ ಡಬ್ಬಿ ಬಿಚ್ಚಿ, ಅದರ ಹಿಂದಿದ್ದ ಗಾಳಿ ಸೋಸುವ ಫಿಲ್ಟರನ್ನು ಎಳೆದೆವು. ಬೇವಿನ ಎಲೆ, ಒಣಗಿದ ಹೂವು ಗಿಡಿದು ತುಂಬಿದ್ದವು. ಮೌಲಾಸಾಬರು ಅದನ್ನು ಒತ್ತಿ ನೋಡಿ, ‘ಒಂದ್ ತಲಿದಿಂಬಕ್ಕ ಆಗತೈತ್ರಿ’ ಎಂದರು. ಟೊಂಗೆಯ ಸುದ್ದಿ ಎತ್ತಲಿಲ್ಲ. ನಾನೇ ಎತ್ತಿ, ‘ನಾಳೆ ಕಡಸ್ತೀನ್ರಿ’ ಎಂದೆ.

ಟೊಂಗೆ ಕಡಿಸಿದೆ, ಫಿಲ್ಟರ್ ಬದಲಿಸಿದೆ. ಈಗ ಏಸಿ ಹಲ್ಲು ಕಟಕಟಿಸುವಷ್ಟು ತಂಪು. ತೊಂದರೆಯೆಂದರೆ ಕಾರಿನಲ್ಲಿ ಕೆಟ್ಟದ್ದು ಏನೂ ಉಳಿದಿಲ್ಲ. ನಿನ್ನೆ ಬ್ರೇಕ್ ದೀಪ ನೋಡಲು ಮೌಲಾಸಾಬರನ್ನು ಕರೆದೆ. ಇವತ್ತೂ ಕರೆದೆ. ಬ್ರೇಕ್ ತುಳಿದು ‘ಆತೇನ್ರಿ?’ ಎಂದೆ.

‘ಆತ್ರಿ. ನಿನ್ನಿನೂ ಆಗಿತ್ತು,’ ಎಂದರು. ಆದರೂ ಹೋಗದೆ ಕಟ್ಟೆಯ ಮೇಲೆ ಕೂತರು.

ನಾಳೆ ಇಂಡಿಕೇಟರ್ ತೋರಿಸಬೇಕೆಂದಿದ್ದೇನೆ. ಎಡಕ್ಕೊಂದು, ಬಲಕ್ಕೊಂದು ಇರುವುದರಿಂದ ಎರಡು ದಿನವಂತೂ ಸಾಗುತ್ತದೆ.